ಚೌಕಟ್ಟಿನಿಂದ ಇಳಿದು ಬಂದ ಅಪ್ಪ

ಇಥೆಲ್ ಪ್ಯೂ ಎಂಬ ಸರಕಿಗೆ ಬೆಲೆ ಕಟ್ಟುವುದು ಕಷ್ಟ. ಎತ್ತರ ಐದಡಿ ಏಳಂಗುಲ, ಅಗಲ ಹೆಚ್ಚುಕಮ್ಮಿ ನಮ್ಮ ಅಂಗಡಿಯ ಬಾಗಿಲಿನಷ್ಟು. ಹಡಗಿನ ಹಗ್ಗ ಎಳೆದೂ ಎಳೆದೂ ಕೈಗಳೇ ಹಗ್ಗವಾಗಿದ್ದವು. ಎಡಗೈ ಕಿರುಬೆರಳಿಗೆ ತುದಿಯಿಲ್ಲ, ಅದಕ್ಕೊಂದಿಷ್ಟು ರಿಯಾಯಿತಿ. ಗಂಟಲು ಮಾತ್ರ ಅಪ್ಪಟ ಮಾಲು. ಹಾರ್ನ್ ಭೂಶಿರದ ಬಿರುಗಾಳಿಯಲ್ಲಿ, ಹಾಯಿಕಂಬದ ತುದಿಗೆ ಹತ್ತಿ ಕುಳಿತವನಿಗೂ ಕೇಳುವ ಹಾಗೆ ಕೂಗಬಲ್ಲದು. ಆದರೆ ನೆಲದ ಮೇಲೆ ಅಂಥ ಗಂಟಲಿಗೆ ಗಿರಾಕಿಯಿಲ್ಲ. ನಿಜ ಹೇಳಬೇಕೆಂದರೆ, ನೆಲದ ಮೇಲೆ ಅವನೇ ಅಷ್ಟಾಗಿ ಓಡದ ಸರಕು. ಹಡಗಿನ ಕಗ್ಗತ್ತಲಲ್ಲೂ ಐವತ್ತು ಹಗ್ಗಗಳ ನಡುವೆ ಬೇಕಾದ ಹಗ್ಗಕ್ಕೇ ಕೈ ಹಾಕುತ್ತಿದ್ದವನು, ಮನೆಗೆ ಬಂದರೆ ಚಮಚ ಎಲ್ಲಿದೆ ಎಂದು ಕೇಳಬೇಕಾಗಿತ್ತು. ತೂಗುತ್ತಿರುವವಳು ಅವನ ಮನೆಯ ರೊಟ್ಟಿ ತಿಂದು ಬೆಳೆದವಳೇ ಆದ್ದರಿಂದ ತಕ್ಕಡಿ ಒಂದು ಕಡೆಗೆ ವಾಲಿರಬಹುದು. ಓದುವವರು ಅಷ್ಟನ್ನು ಕಳೆದು ಓದಿಕೊಳ್ಳಲಿ.

ಸಾವಿರದ ಒಂಬೈನೂರ ಮೂರರ ವಸಂತದಲ್ಲಿ, ಒಂದು ಬುಧವಾರ ಮಧ್ಯಾಹ್ನ, ಅವನು ಪೆಟ್ಟಿಗೆ ಹೊತ್ತುಕೊಂಡು ನಮ್ಮ ಬಂದರೂರಾದ ಅಬರ್‌ವೆನ್ನೊಲ್‌ನ ಇಳಿಜಾರು ಬೀದಿಯಲ್ಲಿ ಬಂದ. ಹೊರಟಾಗ ಹೆಂಡತಿ ಕ್ಯಾಟ್ರಿನ್ ಮೂರು ತಿಂಗಳ ಬಸುರಿ. ಒಂದೇ ವರ್ಷ ಎಂದು ಹೋದವನು. ಮಾಡಿಗೆ ಹೊದಿಸುವ ಹಂಚಿನ ಕಲ್ಲು ಹೊತ್ತು ಹೊರಟ ಹಡಗು ಎಲ್ಲೆಲ್ಲೋ ಕಲ್ಲಿದ್ದಲು, ಇನ್ನೆಲ್ಲೋ ಗೊಬ್ಬರ ಹೇರಿಕೊಂಡು ಭೂಮಿಯ ಇನ್ನೊಂದು ಮಗ್ಗುಲನ್ನೂ ನೋಡಿ ಬರುವಷ್ಟರಲ್ಲಿ ಎರಡು ವರ್ಷ ಒಂಬತ್ತು ತಿಂಗಳಾಗಿತ್ತು.

ಕ್ಯಾಟ್ರಿನ್ ಆಲೂಗಡ್ಡೆ ಸುಲಿಯುತ್ತಿದ್ದಳು. ಚಾಕು ಕೆಳಗೆ ಬಿತ್ತು. ಒಂಬತ್ತು ವರ್ಷದ ಹಿರಿ ಮಗಳು, ನಾನ್ ಎಂಬವಳು, ಓಡಿಬಂದು ಸೊಂಟಕ್ಕೆ ಜೋತುಬಿದ್ದಳು. ಅವನು ಇನ್ನೂ ಕಂಡಿರದ ಚಿಕ್ಕದು ಮೇಜಿನ ಕೆಳಗೆ ಸೇರಿಕೊಂಡಿತು.

"ಯಾರು ಬಂದ್ರು ನೋಡು ಪುಟ್ಟೀ! ಅಪ್ಪ!" ಎಂದಳು ಕ್ಯಾಟ್ರಿನ್.

ಪುಟ್ಟಿ ತಲೆ ಅಲ್ಲಾಡಿಸಿ, ಒಲೆಯ ಮೇಲಿನ ಹಲಗೆಯತ್ತ ಬೆರಳು ತೋರಿಸಿತು. "ಅಪ್ಪ ಅಲ್ಲಿ."

ಅಲ್ಲಿ, ಎರಡು ಪಿಂಗಾಣಿ ನಾಯಿಗಳ ನಡುವೆ, ಹ್ಯಾಂಬರ್ಗಿನಲ್ಲಿ ತೆಗೆಸಿದ ಫೋಟೋ ಇತ್ತು. ಬೋಳಿಸಿದ ಗಲ್ಲ, ತಲೆಗೆ ಟೋಪಿ, ಕೆತ್ತನೆಯ ಕುರ್ಚಿಯ ಬೆನ್ನಿನ ಮೇಲೆ ಒಂದು ಕೈ. ದಿನಾ ಮಲಗುವ ಮುಂಚೆ ಪುಟ್ಟಿಯನ್ನು ಎತ್ತಿ, ಆ ಗಾಜಿಗೆ ಮುತ್ತು ಕೊಡಿಸುತ್ತಿದ್ದಳು ಕ್ಯಾಟ್ರಿನ್. ಎದೆಯವರೆಗೆ ಗಡ್ಡ ಬಿಟ್ಟಿದ್ದ ಇಥೆಲ್ ಆ ಫೋಟೋವನ್ನು ಬಹಳ ಹೊತ್ತು ನೋಡಿದ. ತಕರಾರು ಮಾಡಲು ಏನೂ ಸಿಗಲಿಲ್ಲ. ಇಷ್ಟು ದಿನ ಮನೆಯಲ್ಲಿದ್ದವನು ಆ ಫೋಟೋದವನೇ ತಾನೆ.

ರಜೆ ಇದ್ದದ್ದು ಹದಿಮೂರು ದಿನ. ಎರಡನೆಯ ಮಂಗಳವಾರ ಬೆಳಿಗ್ಗೆ, ಮತ್ತೆ ಹಡಗು ಹತ್ತಲು, ಕಾರ್ಡಿಫ್ ರೈಲು ಹಿಡಿಯಬೇಕು. ಅದಕ್ಕೆ ಮುಂಚಿನ ಭಾನುವಾರ ಚಾಪೆಲಿನಲ್ಲಿ, ಅಂದರೆ ಊರಿನ ಪುಟ್ಟ ಚರ್ಚಿನಲ್ಲಿ, ಪುಟ್ಟಿಗೆ ನೀರು ಚಿಮುಕಿಸಿ ಹೆಸರಿಡುವ ದೀಕ್ಷಾಸ್ನಾನ. ನಾವಿಕರ ಮಕ್ಕಳಿಗೆ ಅಪ್ಪ ಬರುವತನಕ ಕಾಯುವುದು ನಮ್ಮೂರ ವಾಡಿಕೆ. ಅಪ್ಪನೇ ಮಗುವನ್ನು ಎತ್ತಿ ಹಿಡಿದು, ಪಾದ್ರಿ ಕೇಳಿದಾಗ ಹೆಸರು ಹೇಳಬೇಕು. ತಾತ ಎತ್ತಿ ಹಿಡಿದರೆ ಆ ಮಗುವಿನ ಅಪ್ಪ ಸಮುದ್ರದ ಪಾಲಾಗಿದ್ದಾನೆ ಎಂದೇ ಅರ್ಥ. ಚಾಪೆಲಿನ ಹೆಂಗಸರೆಲ್ಲ ಕರವಸ್ತ್ರ ತೆಗೆಯುತ್ತಾರೆ. ಅದಕ್ಕೇ ಇಥೆಲ್ ಮೊದಲ ಕಾಗದದಲ್ಲೇ, "ಕಾಯಿರಿ, ನಾನೇ ಬಂದು ಹಿಡಿಯುತ್ತೇನೆ" ಎಂದು ಬರೆದಿದ್ದ.

ಆಮೇಲಿನ ಕಾಗದಗಳದ್ದೇ ಗೋಜಲು. ಒಂದರಲ್ಲಿ ಟೆಗ್ವೆನ್ ಎಂದಿಡೋಣ, ಇನ್ನೊಂದರಲ್ಲಿ ಬೇಡ ಲ್ಯೂನೆಡ್ ಇರಲಿ, ಮತ್ತೊಂದರಲ್ಲಿ ಯೋಚಿಸಿ ನೋಡಿದೆ ಮೊರ್ವಿದ್ ವಾಸಿ. ಮೂರೂ ಬೇರೆ ಬೇರೆ ಹಡಗು ಹತ್ತಿ ಹಿಂದುಮುಂದಾಗಿ ಬಂದಿದ್ದವು. ಕ್ಯಾಟ್ರಿನ್ ಬಂದ ಕಾಗದಕ್ಕೆ ತಕ್ಕಂತೆ ಹೆಸರು ಬದಲಾಯಿಸಿ, ಸಾಕಾಗಿ, ಕೊನೆಗೆ ಪುಟ್ಟಿ ಎಂದೇ ಕರೆಯತೊಡಗಿದ್ದಳು.

"ಈಗ ಹೇಳಿ, ಇದರಲ್ಲಿ ಕೊನೇದು ಯಾವುದು?" ಮೂರು ಕಾಗದಗಳನ್ನೂ ಮೇಜಿನ ಮೇಲೆ ಹರಡಿದಳು.

ಇಥೆಲ್ ತಿರುಗಿಸಿ ಮುರುಗಿಸಿ ನೋಡಿದ. "ಗೊತ್ತಾಗ್ತಾ ಇಲ್ಲ ಕಣೆ."

"ತಾರೀಖು ಹಾಕೋ ಅಭ್ಯಾಸಾನೇ ಇಲ್ವಲ್ರೀ ನಿಮಗೆ!"

"ಹಡಗಿನ ದಿನಚರೀಲಿ ಹಾಕ್ತೀನಲ್ಲ."

"ಹಾಗಾದ್ರೆ ಹೆಸರನ್ನ ಅದಕ್ಕೇ ಇಡಿ ಹೋಗಿ."

ಹೆಸರಿನ ಮಾತು ಆಮೇಲೆ; ಮೊದಲು ಮಗು ಹತ್ತಿರ ಬರಬೇಕಲ್ಲ. ಅವನು ತಂದಿದ್ದ ಗೊಂಬೆಯನ್ನು ಅದು ಇದ್ದಲಿನ ಬಕೆಟ್ಟಿಗೆ ಹಾಕಿತು. ಗಡ್ಡದ್ದೇ ತೊಂದರೆಯಿರಬೇಕೆಂದು ಶನಿವಾರ ಗಡ್ಡ ಬೋಳಿಸಿಕೊಂಡು ಬಂದ. ಪುಟ್ಟಿ ಅವನನ್ನು ನೋಡಿತು, ಫೋಟೋ ನೋಡಿತು, ಮತ್ತೆ ಅವನನ್ನು ನೋಡಿತು. ನಂತರ ಅದು ಕಿರುಚಿದ್ದು ಪಕ್ಕದ ಬೀದಿಗೂ ಕೇಳಿಸಿತಂತೆ. ಒಬ್ಬ ಅಪ್ಪನಿದ್ದ ಮನೆಯಲ್ಲಿ ಈಗ ಇಬ್ಬರು.

"ನೀವು ಮಾತಾಡ್ತೀರಲ್ಲ ಅಪ್ಪಾ, ಅದಕ್ಕೇ ಹೆದರ್ತಾಳೆ," ಎಂದಳು ನಾನ್, ಡಾಕ್ಟರಂತೆ ಗಂಭೀರವಾಗಿ. "ಅಲ್ಲಿರೋ ಅಪ್ಪ ಮಾತಾಡಲ್ಲ."

ಇಥೆಲ್ ಪಿಸುದನಿಗೆ ಇಳಿದ. ಅವನನ್ನು ನೋಡಿ ಮನೆಯೆಲ್ಲ ಪಿಸುಗುಟ್ಟತೊಡಗಿತು. ಅದೂ ಸಾಲದೆ ಸೋಮವಾರದಿಂದ ಬಾಯಿಯನ್ನೇ ಮುಚ್ಚಿದ. ಟೋಪಿ ಹಾಕಿಕೊಂಡು, ಅಡುಗೆಮನೆಯ ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು, ರೆಪ್ಪೆ ಬಡಿಯದೆ ನಿಂತ. ಮಜ್ಜಿಗೆಯಲ್ಲಿ ಕಲಸಿಟ್ಟ ಆಲೂಗಡ್ಡೆ ತಣ್ಣಗಾಗುತ್ತಿತ್ತು, ಅವನು ನಿಂತೇ ಇದ್ದ. ಬುಧವಾರ ಪುಟ್ಟಿ ಬಂದು ಅವನ ಮೊಣಕಾಲು ಮುಟ್ಟಿ ಓಡಿಹೋಯಿತು. ಶುಕ್ರವಾರ ಬೂಟಿನ ಮೇಲೆ ಕುಳಿತಿತು. ಶನಿವಾರ ತಾನಾಗಿಯೇ ಕೈ ಚಾಚಿ ಎತ್ತಿಸಿಕೊಂಡಿತು. ಆದರೆ ಅವನೊಮ್ಮೆ ಕೆಮ್ಮಿದ್ದೇ ತಡ, ಇಳಿದು ಮೇಜಿನ ಕೆಳಗೆ ಹೋಯಿತು.

ಅದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದವನು ಮಾವ ಹ್ಯೂ. ಚಾಪೆಲಿನ ಸಭೆಯ ಹಿರಿಯ. ಪಾದ್ರಿಯ ಮುಂದಿನ ದೊಡ್ಡ ಪೀಠದಲ್ಲಿ ಕೂರುವವನು.

"ಚೆನ್ನಾಗಿ ನಿಂತ್ಕೋತೀರಿ ಅಳಿಯಂದಿರೇ. ಧೂಳು ಒರೆಸೋದೊಂದು ಬಾಕಿ," ಎಂದ. "ಆದ್ರೆ ನಾಳೆ ಹೆಸರು ಹೇಳೋಕೆ ಬಾಯಿ ಬಿಡ್ಬೇಕಲ್ಲ? ಮಗು ಚೀರಾಡಿದ್ರೆ ನಂಗೆ ಕೊಟ್ಬಿಡಿ. ನಾನು ಹಿಡೀತೀನಿ, ಮುಗಿದುಹೋಗ್ಲಿ."

"ಅಪ್ಪಾ," ಎಂದಳು ಕ್ಯಾಟ್ರಿನ್, "ಇವರಿನ್ನೂ ಬದುಕಿದ್ದಾರೆ."

ಇಥೆಲ್ ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು ಮತ್ತೆ ಫೋಟೋದಂತೆ ನಿಂತ. ಬಾಯಿ ಬಿಟ್ಟಿದ್ದರೆ ಮಗು ಇನ್ನಷ್ಟು ಒಳಕ್ಕೆ ಸರಿಯುತ್ತಿತ್ತು.

ಭಾನುವಾರ ಚಾಪೆಲು ತುಂಬಿತ್ತು. ಅಪ್ಪನಿಗೇ ಹೆದರುವ ಮಗುವನ್ನು ನೋಡಲು ಕಾಯಿಲೆ ಮಲಗಿದ್ದವರೂ ಎದ್ದು ಬಂದಿದ್ದರು. ಇಥೆಲ್ ಟೋಪಿಯನ್ನು ಕಂಕುಳಲ್ಲಿ ಇಟ್ಟು, ಪುಟ್ಟಿಯನ್ನು ಎತ್ತಿಕೊಂಡು ಮುಂದೆ ಹೋಗಿ, ಫೋಟೋದಂತೆ ನಿಂತ. ಪುಟ್ಟಿ ಸುಮ್ಮನಿತ್ತು.

"ಈ ಮಗುವಿನ ಹೆಸರೇನು?" ಎಂದರು ಪಾದ್ರಿ.

ಮೂರು ಹೆಸರೂ ಒಟ್ಟಿಗೆ ಅವನ ನಾಲಗೆಗೆ ಬಂದು ಅಲ್ಲೇ ಗಂಟು ಬಿದ್ದವು. ಗಂಟು ಬಿಚ್ಚುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ಆದರೆ ಇದು ಬಿಚ್ಚಲೊಲ್ಲದು. ಏನನ್ನೋ ಪಿಸುಗುಟ್ಟಿದ. ತೋಳಿನಲ್ಲಿದ್ದ ಮಗು ಸೆಟೆದುಕೊಂಡಿತು.

"ಕೇಳಿಸಲಿಲ್ಲಪ್ಪ," ಎಂದರು ಪಾದ್ರಿ. ಅವರ ಕಿವಿ ಮಂದ.

ಇನ್ನೊಮ್ಮೆ ಪಿಸುಗುಟ್ಟಿದ. ಪುಟ್ಟಿಯ ಕೆಳದುಟಿ ನಡುಗತೊಡಗಿತು. ದೊಡ್ಡ ಪೀಠದಿಂದ ಹ್ಯೂ ಎದ್ದು ಎರಡೂ ಕೈ ಚಾಚಿದ. ಹಿಂದೆ ಯಾರೋ ಕರವಸ್ತ್ರ ಹುಡುಕುತ್ತಿದ್ದರು. ಆ ಎರಡು ಕೈ ಇಥೆಲ್‌ಗೆ ಕಂಡವು. ತಾನು ಸತ್ತರೆ ಹೇಗಿರುತ್ತದೋ ಹಾಗೆಯೇ ಎಲ್ಲ ತಯಾರಾಗಿತ್ತು. ಅವನ ಗಂಟಲು ಯಾರ ಅಪ್ಪಣೆಗೂ ಕಾಯದೆ ತೆರೆದುಕೊಂಡಿತು.

"ಟೆಗ್ವೆನ್!"

ದೀಪದ ಗಾಜುಗಳು ಕಿಣಿಗುಟ್ಟಿದವು. ಒಬ್ಬ ಮುದುಕಿಯ ಕೈಯಿಂದ ಕೀರ್ತನೆ ಪುಸ್ತಕ ಜಾರಿತು. ಹೊರಗೆ ಕಟ್ಟಿದ್ದ ಕುದುರೆ ಕೆನೆಯಿತು. ಹ್ಯೂ ಇದ್ದಲ್ಲೇ ಕುಳಿತುಬಿಟ್ಟ.

ಮಗು ಅವನ ಮುಖವನ್ನೇ ದಿಟ್ಟಿಸಿತು. ಬೆರಳನ್ನು ಅವನ ಬಾಯೊಳಗೆ ತೂರಿಸಿ, ಅಷ್ಟು ದೊಡ್ಡದು ಎಲ್ಲಿಂದ ಬಂತೆಂದು ಹುಡುಕಿ ನೋಡಿತು. ಆಮೇಲೆ ಕೇಕೆ ಹಾಕಿ ನಕ್ಕಿತು.

"ಇನ್ನೊಂದ್ಸಲ!"

"ಬೇಡಮ್ಮ, ಒಂದೇ ಸಾಕು, ಈ ಸಲ ನನಗೂ ಕೇಳಿಸಿತು," ಎಂದು ಪಾದ್ರಿ ಗಡಿಬಿಡಿಯಿಂದ ನೀರು ಚಿಮುಕಿಸಿದರು.

ಮೂರರಲ್ಲಿ ಅದೇ ಯಾಕೆ ಎಂದು ಕ್ಯಾಟ್ರಿನ್ ದಾರಿಯಲ್ಲಿ ಕೇಳಿದಳು. "ಗೊತ್ತಿಲ್ಲ. ಗಾಳೀಲಿ ದೂರ ಹೋಗೋ ಹೆಸರು ಅನ್ನಿಸ್ತು," ಎಂದ. ಸೋಮವಾರವೆಲ್ಲ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಅವಳು ಕೇಳಿದಾಗಲೆಲ್ಲ ಕೂಗುತ್ತ ಊರು ಸುತ್ತಿದ. ಮಂಗಳವಾರ ರೈಲು ಹತ್ತಿದ. ಅವತ್ತು ಮಲಗುವ ಹೊತ್ತಿಗೆ ಟೆಗ್ವೆನ್ ಒಲೆಯ ಮೇಲಿನ ಹಲಗೆಯನ್ನು ನೋಡಿ, "ಅಪ್ಪ ವಾಪಸ್ ಒಳಗೆ ಹೋದ," ಎಂದು ಗಾಜಿಗೆ ಮುತ್ತು ಕೊಟ್ಟಳಂತೆ.

ಇನ್ನೂ ಹತ್ತೊಂಬತ್ತು ವರ್ಷ ಅವನು ಹಾಗೆಯೇ ಒಳಗೆ ಹೊರಗೆ ಓಡಾಡಿದ. ಅಷ್ಟರಲ್ಲಿ ಮನೆಯಲ್ಲಿದ್ದದ್ದು ಒಟ್ಟು ಮೂರು ವರ್ಷವೂ ಇರಲಿಕ್ಕಿಲ್ಲ. ಕಾಗದಕ್ಕೆ ತಾರೀಖು ಹಾಕುವುದನ್ನು ಕಡೆಗೂ ಕಲಿಯಲಿಲ್ಲ, ಚಮಚ ಇಡುವ ಜಾಗವನ್ನೂ ಕಲಿಯಲಿಲ್ಲ. ಇಬ್ಬರು ಅಪ್ಪಂದಿರಲ್ಲಿ ಯಾರು ಹೆಚ್ಚು ಅಪ್ಪ ಎಂಬುದು ನನಗೂ ಬಹಳ ಕಾಲ ಬಗೆಹರಿಯಲಿಲ್ಲ.

ಅಂಗಡಿಯ ಬಾಗಿಲ ಮೇಲೆ ಟೆಗ್ವೆನ್ ಪ್ಯೂ ಎಂದು ಬರೆಸಿದ್ದೇನೆ. ಆ ಹೆಸರು ಅವನು ಕೊಟ್ಟದ್ದು. ಬೇರೆಯವರ ಕೈಗೆ ಕೊಡದೆ ಅವನೇ ನನ್ನನ್ನು ಎತ್ತಿ ಹಿಡಿದುಕೊಂಡಿದ್ದ. ಈ ಎರಡಕ್ಕೂ ನಾನು ಅವನಿಗೆ ಋಣಿ.