ನಾಮ್ ಸಾಹೇಬರ ಪಾಳಿ

ಎರಡು ಸಾವಿರದ ಎರಡರಲ್ಲಿ ಜರ್ಮನಿಯವರು ಕಂಪ್ಯೂಟರ್ ಮಂದಿಗೆ ಕೊಡುತ್ತಿದ್ದ ಗ್ರೀನ್ ಕಾರ್ಡ್ ಹಿಡಿದು ಬೊಬ್ಲಿಂಗೆನ್ನಿಗೆ ಬಂದ ಧಾರವಾಡದ ಮಲ್ಲಿಕಾರ್ಜುನನಿಗೆ ಅಲ್ಲಿಯ ಚಳಿ ಹೊಂದಿತು, ಊಟ ಹೊಂದಿತು. ಹೊಂದದೇ ಹೋದದ್ದು ಒಂದೇ: ಕೆಳಗಿನ ಮನೆಯ ನಾಮ್ ಸಾಹೇಬರು ಟೈ ಕಟ್ಟಿಕೊಂಡು ಮೆಟ್ಟಿಲು ಗುಡಿಸುವುದು.

ಆ ಸೀಮೆಯ ರೂಢಿ ಅದು, ಕೇರ್‌ವೊಖೆ. ಯಾರ ಬಾಗಿಲಿಗೆ ಪಾಳಿಯ ಹಲಗೆ ತೂಗುತ್ತದೋ ಆ ವಾರ ಮೆಟ್ಟಿಲ ಕಸ ಅವರ ಪಾಲು.

ಸಾಹೇಬರಿಗೆ ಎಪ್ಪತ್ತೆಂಟು. ಒಂದು ಕಾಲಕ್ಕೆ ತಮ್ಮ ದೇಶ ಕೊರಿಯಾದ ರಾಯಭಾರಿ, ಆಮೇಲೆ ಉಪಮಂತ್ರಿ. ದೊಡ್ಡವರ ಮಕ್ಕಳು ಪರೀಕ್ಷೆಯಿಲ್ಲದೆ ವಿದೇಶಾಂಗ ಖಾತೆಗೆ ನುಗ್ಗುವುದನ್ನು ನಿಲ್ಲಿಸಿದವರು. ಸ್ವತಃ ತಮ್ಮ ಮಂತ್ರಿಯ ಮಗ ಬಂದಾಗಲೂ ಸರದಿಯಲ್ಲಿ ನಿಲ್ಲು ಎಂದರು. ವಾರದೊಳಗೆ ಕುರ್ಚಿ ಹೋಯಿತು. ಇಲ್ಲಿ ನರ್ಸಾಗಿದ್ದ ಮಗಳ ಬಳಿಗೆ ಬಂದರು. ಅವಳು ತೀರಿಕೊಂಡ ಮೇಲೂ ಅವಳ ಬಾಡಿಗೆ ಮನೆಯಲ್ಲೇ ಉಳಿದರು.

"ಅಂಥಾವ್ರ ಕೈಲೆ ಕಸಾ ಹೊಡಸಿ ನಾವು ಮ್ಯಾಲೆ ಕುಂತು ಚಾ ಕುಡ್ಯೂದು ಚಂದ ಏನ್ರಿ?" ಎಂದಳು ಹೆಂಡತಿ ಮಧುಮತಿ.

ಮಲ್ಲಿಕಾರ್ಜುನನಿಗೂ ಅಷ್ಟೇ ಬೇಕಿತ್ತು. ಸಾಹೇಬರು ವಾಕಿಂಗಿಗೆ ಹೋದದ್ದೇ ತಡ, ಅವರ ಪಾಳಿಯನ್ನು ತಾನೇ ಗುಡಿಸಿದ. ಹಲಗೆ ಅವರ ಬಾಗಿಲಲ್ಲಿ, ಪೊರಕೆ ಇವನ ಕೈಯಲ್ಲಿ. ಅಷ್ಟರಲ್ಲಿ ಬಂದ ಮನೆಯೊಡತಿ ಹಲಗೆ ನೋಡಿದಳು, ಪೊರಕೆ ನೋಡಿದಳು, ಹೋದಳು.

ಮಾಡಹೋದದ್ದು ಉಪಕಾರ, ಆದದ್ದು ಎಡವಟ್ಟು. ಎರಡು ದಿನಕ್ಕೆ ಸಾಹೇಬರು ಪತ್ರವೊಂದನ್ನು ಹಿಡಿದು ಮೇಲೆ ಬಂದರು. ನಿಮ್ಮ ಪಾಳಿಯನ್ನು ಮೇಲಿನ ಮನೆಯವರು ಗುಡಿಸುತ್ತಿದ್ದಾರೆ, ನಿಮಗೆ ಇನ್ನು ಕೈಲಾಗದು, ವೃದ್ಧಾಶ್ರಮ ನೋಡಿಕೊಂಡು ಮನೆ ಬಿಡಿ ಎಂದು ಮನೆಯೊಡತಿ ಬರೆದಿದ್ದಳು.

"ಸರದಿ ತಪ್ಪಿಸಿಕೊಳ್ಳುವವರ ಜೊತೆ ಜೀವನವಿಡೀ ಜಗಳವಾಡಿದೆ," ಎಂದರು ಸಾಹೇಬರು ಇಂಗ್ಲಿಷಿನಲ್ಲಿ, ದನಿ ಏರಿಸದೆ. "ನೀವು ನನ್ನನ್ನು ಒಂದು ಮಾತೂ ಕೇಳದೆ ಅವರ ಸಾಲಿಗೆ ಸೇರಿಸಿದಿರಿ."

ಮಲ್ಲಿಕಾರ್ಜುನ ನಾಚಿಕೆಯಿಂದ ಕುಗ್ಗಿಹೋದ. ಮನೆಯೊಡತಿಗೆ ಫೋನ್ ಮಾಡಿ ತಪ್ಪು ತನ್ನದೇ ಎಂದು ಒಪ್ಪಿಕೊಂಡ. ಅವಳು ನಂಬಲಿಲ್ಲ. ಬರುವ ಶನಿವಾರ ಅವರೇ ಗುಡಿಸಲಿ, ನಿಂತು ನೋಡುತ್ತೇನೆ ಎಂದಳು.

ಶನಿವಾರ ಎಲ್ಲರೂ ನಿಂತು ನೋಡಿದರು. ಎರಡನೆಯ ತಿರುವಿನಲ್ಲಿ ಸಾಹೇಬರ ಕೈಯಿಂದ ಪೊರಕೆ ಜಾರಿ ಮಲ್ಲಿಕಾರ್ಜುನನ ಕಾಲ ಬಳಿಯೇ ಬಿತ್ತು. ಬಗ್ಗಹೋದವನ ತೋಳನ್ನು ಮಧುಮತಿ ಹಿಡಿದಳು.

"ಸುಮ್ಮ ನಿಂದರ್ರಿ."

ಹಿರಿಯರ ಕೈಯಿಂದ ಕೆಲಸ ಕಸಿದುಕೊಳ್ಳುವುದೇ ಮರ್ಯಾದೆ ಎಂದು ಬೆಳೆದವನು ಅವನು. ಸುಮ್ಮನೆ ನಿಲ್ಲುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಸಾಹೇಬರು ಗೋಡೆ ಹಿಡಿದರು, ನಿಧಾನಕ್ಕೆ ಬಗ್ಗಿದರು, ಪೊರಕೆ ಎತ್ತಿಕೊಂಡು ಉಳಿದ ಮೆಟ್ಟಿಲುಗಳನ್ನು ಮುಗಿಸಿದರು.

ಮನೆಯೊಡತಿ ಕೊನೆಯ ಮೆಟ್ಟಿಲನ್ನು ಬೆರಳಿನಿಂದ ಸವರಿ ನೋಡಿ, ಪತ್ರವನ್ನು ವಾಪಸ್ಸು ತೆಗೆದುಕೊಂಡಳು.

ಸಾಹೇಬರು ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮಲ್ಲಿಕಾರ್ಜುನನಿಗೆ ಒಪ್ಪಿಸಿದರು.

"ಮುಂದಿನ ವಾರ ನಿಮ್ಮದು. ನಾನೂ ನಿಂತು ನೋಡುತ್ತೇನೆ."