ಹಾಡಿಗಿಂತ ಮೊದಲೇ ಬರುವ ಎಕೋ

ನಮ್ಮ ಫ್ಯಾಕ್ಟರಿಯಲ್ಲಿ ಕಂಪ್ರೆಸರ್ ಅಂದರೆ ಶೆಡ್ಡಿನ ಮೂಲೆಯಲ್ಲಿ ಗುಡುಗುತ್ತಾ ಕೂತಿರುವ ಗಾಳಿ ಯಂತ್ರ. ನನ್ನ ಹೆಂಡತಿಗೆ ಕಂಪ್ರೆಸರ್ ಅಂದರೆ ಫ್ರಿಡ್ಜಿನ ಹಿಂದಿರುವುದು, ಕೆಟ್ಟರೆ ಹಾಲು ಒಡೆಯುವುದು. ಹಾಗಾಗಿ ಎರಡು ಸಾವಿರದ ಆರೋ ಏಳೋ ಇಸವಿಯಲ್ಲಿ ನಾನು, 'ಒಳ್ಳೇ ಕಂಪ್ರೆಸರ್ ಒಂದು ಹುಡುಕ್ತಾ ಇದೀನಿ' ಅಂದಾಗ ಅವಳು ಬಹಳ ಸಂತೋಷಪಟ್ಟಳು. ಅದು ಕಂಪ್ಯೂಟರಿನೊಳಗೆ ಮಾತ್ರ ಇರುವ, ಕೈಯಲ್ಲಿ ಮುಟ್ಟಲಾಗದ, ಹಾಲನ್ನೂ ಕಾಯದ ಕಂಪ್ರೆಸರ್ ಎಂದು ತಿಳಿದ ಮೇಲೆ ಎರಡು ದಿನ ನನ್ನ ತಟ್ಟೆಗೆ ಸಪ್ಪೆ ಸಾರು ಬಿತ್ತು.

ಆಗ ನಾನು ನಂಜನಗೂಡಿನ ಫ್ಯಾಕ್ಟರಿಯೊಂದರಲ್ಲಿ ಸ್ಟೋರ್ಸ್ ಗುಮಾಸ್ತ. ತೊಂಬತ್ತರ ದಶಕದಲ್ಲಿ ಊರೂರು ಅಲೆದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದ್ದೆ. ಆರ್ಕೆಸ್ಟ್ರಾ ಮುಚ್ಚಿತು, ಹುಟ್ಟುಗುಣ ಮಾತ್ರ ಸುಟ್ಟರೂ ಹೋಗಲಿಲ್ಲ. ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಒಂದು, ಮೈಕು ಒಂದು, ಒಂದೇ ಕಿವಿಯಲ್ಲಿ ಸರಿಯಾಗಿ ಕೇಳುವ ಹೆಡ್‌ಫೋನು ಒಂದು ಜೋಡಿಸಿಕೊಂಡು ನನ್ನನ್ನು ನಾನೇ ರೆಕಾರ್ಡಿಂಗ್ ಇಂಜಿನಿಯರ್ ಎಂದು ಕರೆದುಕೊಳ್ಳುತ್ತಿದ್ದೆ. ಬೇರೆ ಯಾರೂ ಕರೆಯುತ್ತಿರಲಿಲ್ಲ.

ಕರೆದವಳು ದೊಡ್ಡವ್ವ. ನಮ್ಮವ್ವನ ಅಕ್ಕ, ಟಿ. ನರಸೀಪುರದಲ್ಲಿ ಇದ್ದಳು. ಮೊಮ್ಮಗಳ ಮದುವೆ ಗೊತ್ತಾಗಿತ್ತು. ನಮ್ಮ ಕಡೆ ಯಾರ ಮನೆಯ ಮದುವೆಯಾದರೂ ಸೋಬಾನೆ ಹೇಳುತ್ತಿದ್ದವರು ಇಬ್ಬರೇ: ದೊಡ್ಡವ್ವ ಮತ್ತು ನಂಜನಗೂಡಿಗೆ ಮದುವೆಯಾಗಿ ಬಂದಿದ್ದ ಅವಳ ತಂಗಿ, ಅಂದರೆ ನಮ್ಮ ಚಿಕ್ಕಮ್ಮ. ಆದರೆ ಈಚೆಗೆ ಛತ್ರಗಳಲ್ಲಿ ಮೈಕ್ ಸೆಟ್‌ನವನು ಸಿನಿಮಾ ಹಾಡು ಹಾಕಿ ಕೂತರೆ ಹೆಂಗಸರ ಬಾಯಿ ಆಡುತ್ತಿರುವುದು ಕಾಣುತ್ತಿತ್ತೇ ಹೊರತು ಏನೂ ಕೇಳುತ್ತಿರಲಿಲ್ಲ.

"ನಮ್ ಬಾಯ್ ಮುಚ್ಚುಸ್ತಾನಲ್ಲ, ಆ ಡಬ್ಬದೊಳಕ್ಕೆ ನಮ್ಮನ್ನೇ ತುಂಬ್ಬುಡು ಮಗ," ಅಂದಳು ದೊಡ್ಡವ್ವ. ಆಮೇಲೆ ಅತ್ತಿತ್ತ ನೋಡಿ, ಇನ್ನೂ ಮೆಲ್ಲಗೆ, "ನನ್ ದನೀನೂ ಕೇಳ್ಬೇಕು ಕಣ್ಲಾ. ಒಂದ್ ಸಲನಾರ ಕೇಳ್ಬೇಕು" ಅಂದಳು.

ಈ ಮಾತಿನ ಕಷ್ಟ ನಿಮಗೆ ಗೊತ್ತಾಗಬೇಕಾದರೆ ಅಕ್ಕತಂಗಿಯರ ಗಂಟಲು ಗೊತ್ತಾಗಬೇಕು. ಚಿಕ್ಕಮ್ಮ ಬಾಗಿಲಲ್ಲಿ ನಿಂತು ಸೊಪ್ಪಿನವಳನ್ನು ಕರೆದರೆ ಪಕ್ಕದ ಬೀದಿಯ ಸೊಪ್ಪಿನವಳೂ ನಿಲ್ಲುತ್ತಿದ್ದಳು. ದೊಡ್ಡವ್ವ ಮನೆಗೆ ಬೆಂಕಿ ಬಿತ್ತು ಅಂತ ಕೂಗಿದರೂ ಯಾವುದೋ ಗುಟ್ಟು ಹೇಳಿದ ಹಾಗಿರುತ್ತಿತ್ತು. ಸೋಬಾನೆಯಲ್ಲಿ ಚಿಕ್ಕಮ್ಮ ಒಂದು ಸಾಲು ಎತ್ತುವುದು, ದೊಡ್ಡವ್ವ ಅದೇ ಸಾಲನ್ನು ಹಿಂದೆ ಹೇಳುವುದು. ಮೂವತ್ತು ವರ್ಷದಿಂದ ಜನ ಮುಂದಿನದ್ದನ್ನಷ್ಟೇ ಕೇಳಿ, ಹಿಂದಿನದ್ದು ಬರುವಷ್ಟರಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

ನನಗೆ ಮಾತ್ರ ಧೈರ್ಯವಿತ್ತು. ಕಂಪ್ರೆಸರ್ ಇರುವುದೇ ಇದಕ್ಕೆ. ಅದು ಕ್ಲಾಸಿನಲ್ಲಿರುವ ಮೇಷ್ಟ್ರ ಹಾಗೆ: ಕಿರುಚುವವರ ತಲೆಗೆ ಮೊಟಕಿ, ಪಿಸುಗುಡುವವರ ಕಿವಿ ಹಿಡಿದು ಎತ್ತಿ ನಿಲ್ಲಿಸುತ್ತದೆ.

ಚಿಕ್ಕಮ್ಮನ ಮನೆಯ ನಡುಮನೆಯಲ್ಲಿ ರೆಕಾರ್ಡಿಂಗ್ ಮುಗಿಸಿ, ಇನ್ನು ಮಾಸ್ಟರಿಂಗ್, ಅಂದರೆ ದನಿಯನ್ನೆಲ್ಲ ಹದ ಮಾಡಿ ಕೊನೆಯ ರೂಪಕ್ಕೆ ತರುವುದು, ಆಗಬೇಕು ಎಂದೆ. ಅಲ್ಲಿಗೆ ಕೆಟ್ಟಿತು.

"ಅದ್ಕ್ಯಾಕೆ ಯೋಚ್ನೆ? ಮನೇಲೇ ಮೇಷ್ಟ್ರವ್ರಲ್ಲ!" ಅಂದಳು ಚಿಕ್ಕಮ್ಮ.

ಚಿಕ್ಕಪ್ಪ ರಿಟೈರಾದ ಕನ್ನಡ ಮೇಷ್ಟ್ರು. ಮೇಷ್ಟ್ರ ಹೆಂಡತಿಯಾದ ಮೇಲೆ ತನ್ನನ್ನು ಚಿಕ್ಕವ್ವ ಅನ್ನಕೂಡದು, ಚಿಕ್ಕಮ್ಮ ಅನ್ನಬೇಕು ಎಂದು ನಮಗೆಲ್ಲ ತಾಕೀತು ಮಾಡಿದ್ದಳು. ಹಾಡನ್ನೆಲ್ಲ ಚಿಕ್ಕಪ್ಪ ಕಾಗದದ ಮೇಲೆ ಬರೆದುಕೊಂಡರು, ಕೆಂಪು ಪೆನ್ನು ತೆಗೆದರು. ನಮ್ಮ ಜನರ ನಾಲಗೆಗೆ ಹಕಾರ ಹತ್ತುವುದಿಲ್ಲ. 'ಅಸೆ ಮ್ಯಾಲೆ' ಎಂದಿದ್ದಲ್ಲಿ 'ಹಸೆ ಮೇಲೆ', 'ಊವು' ಎಂದಿದ್ದಲ್ಲಿ 'ಹೂವು'. ಹೀಗೆ ಮಾಸ್ಟರಿಂಗ್ ಮುಗಿಸಿ ಕೆಳಗೆ ರುಜು ಹಾಕಿ ಕೊಟ್ಟರು. ಎಲ್ಲವನ್ನೂ ಮತ್ತೆ ಹಾಡಲೇಬೇಕಾಯಿತು.

ಕಂಪ್ಯೂಟರಿನ ಗೊರಗೊರ ಕೇಳಬಾರದೆಂದು ನಾನು ಅದನ್ನು ಜಗುಲಿಯಲ್ಲಿಟ್ಟುಕೊಂಡು, ಬಾಗಿಲ ಸಂದಿಯಲ್ಲಿ ವೈರು ತೂರಿಸಿ ಕೂತಿದ್ದೆ. ಒಳಗೆ ಒಂದೇ ಮೈಕಿನ ಮುಂದೆ ಅಕ್ಕತಂಗಿಯರು. ದೊಡ್ಡವ್ವ ನಾಚಿಕೆಗೆ ಸೆರಗನ್ನು ಬಾಯಿಗಿಟ್ಟುಕೊಂಡಿದ್ದಳು. ಚಿಕ್ಕಮ್ಮನ ಕೈಯಲ್ಲಿ ಕಾಗದವಿತ್ತು, ಕನ್ನಡಕ ಬೀರುವಿನಲ್ಲಿತ್ತು. ಕನ್ನಡಕ ಹಾಕಿದರೆ ವಯಸ್ಸಾದ ಹಾಗೆ ಕಾಣುತ್ತದೆ ಎಂಬುದು ಅವಳ ವಾದ.

ಗಂಡ ತಿದ್ದಿದ್ದು ನಾಲ್ಕು ಹಕಾರವಾದರೆ ಹೆಂಡತಿ ಹಾಕಿದ್ದು ನಲವತ್ತು. "ಹಸೆ ಮೇಲೆ ಹಕ್ಕಿ ಚೆಲ್ಲಿ ಹಳಿಯ ಬಂದು ಕೂತಾನೆ" ಎಂದು ಎತ್ತಿದಳು. ನಾನು ಒಳಗೆ ಓಡಿ, ಚಿಕ್ಕಮ್ಮ, ಅದು ಅಕ್ಕಿ, ಹಸೆಯ ಮೇಲೆ ಯಾರೂ ಹಕ್ಕಿ ಚೆಲ್ಲೋದಿಲ್ಲ ಎಂದೆ.

"ಮೇಷ್ಟ್ರು ತಿದ್ದವ್ರೆ ಕಣೋ. ನೀನೇನು ಅವ್ರಿಗಿಂತ ಓದಿದ್ದೀಯಾ?" ಅಂದಳು. ಚಿಕ್ಕಪ್ಪ ಕಿವಿಯ ಮೆಷೀನು ತೆಗೆದಿಟ್ಟು ಹಾಯಾಗಿ ತಲೆದೂಗುತ್ತಿದ್ದರು. ನಾನು ಜಗುಲಿಗೆ ವಾಪಸ್ ಬಂದೆ.

ಇನ್ನು ಕಂಪ್ರೆಸರ್ ಆರಿಸುವುದು. ಕಂಪ್ಯೂಟರಿನೊಳಗಿನ ಇಂಥ ಯಂತ್ರಗಳಿಗೆ ಪ್ಲಗಿನ್ ಎನ್ನುತ್ತಾರೆ. ಕಾಸು ಕೊಟ್ಟು ಕೊಳ್ಳುವಂಥ ಪ್ಲಗಿನ್ನುಗಳನ್ನು ನಾನು ದೇವರ ಫೋಟೋ ನೋಡಿದ ಹಾಗೆ ಪರದೆಯ ಮೇಲೆ ನೋಡಿ ಕೈಮುಗಿದಿದ್ದಷ್ಟೇ. ಬಜೆಟ್ ಎಂಬ ಪದ ನನ್ನ ಮಟ್ಟಿಗೆ 'ಇಲ್ಲ' ಎಂಬುದರ ಇಂಗ್ಲಿಷ್. ಹಾಗಾಗಿ ಸೈಬರ್ ಸೆಂಟರಿನಲ್ಲಿ ಕೂತು ಬಿಟ್ಟಿ ಸಿಕ್ಕುವುದನ್ನೆಲ್ಲ ಪೆನ್‌ಡ್ರೈವಿಗೆ ತುಂಬಿಕೊಂಡು ಬಂದೆ. ಒಂದಕ್ಕೆ ಹಿತ್ತಾಳೆ ಬಣ್ಣದ ಗುಂಡಿಗಳು, ನೋಡಲು ತಾತನ ರೇಡಿಯೋ. ಇನ್ನೊಂದಕ್ಕೆ ಒಂದೇ ಗುಂಡಿ, ಅದನ್ನು ತಿರುಗಿಸಿದರೆ ಕಂಪ್ಯೂಟರೇ ಆಫ್. ಮೂರನೆಯದು ದೊಡ್ಡ ಕಂಪನಿಯ ಪ್ಲಗಿನ್ನಿನ ಡೆಮೋ. ಬಹಳ ಸೊಗಸಾಗಿತ್ತು, ಆದರೆ ಕಾಸು ಕೊಟ್ಟಿಲ್ಲವೆಂದು ನೆನಪಿಸಲು ಆಗಾಗ ಹಾಡಿನ ಮಧ್ಯೆ 'ಚುಂಯ್' ಎಂದು ಸದ್ದು ಮಾಡುತ್ತಿತ್ತು. ಅದನ್ನು ಚಿಕ್ಕಮ್ಮನಿಗೆ ಕೇಳಿಸಿದರೆ, "ನಾವ್ ಆಡ್ತಿರೋವಾಗ ಯಾರ್ಲಾ ದೋಸೆ ಉಯ್ದೋರು?" ಎಂದು ಕೇಳಿದಳು. ಹಕಾರಗಳೆಲ್ಲ ಮೈಕಿನ ಮುಂದೆ ಖರ್ಚಾಗಿಹೋಗಿದ್ದವೆಂದು ಕಾಣುತ್ತದೆ.

ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಒಂದು ಭೂತ. ಯಾವ ಕಂಪ್ರೆಸರ್ ಹಾಕಿದರೂ ದೊಡ್ಡವ್ವನ ದನಿ ಮೇಲೇಳುತ್ತಿತ್ತು, ಸರಿ. ಆದರೆ ಅದರ ಜೊತೆಗೆ, ಚಿಕ್ಕಮ್ಮ ಪ್ರತಿ ಸಾಲು ಎತ್ತುವ ಮೊದಲೇ ಅದೇ ಸಾಲು ಪಿಸಪಿಸ ಎಂದು ಒಮ್ಮೆ ಬಂದು ಹೋಗುತ್ತಿತ್ತು. ಎಕೋ ಅನ್ನುವುದು ಕೂಗಿದ ಮೇಲೆ ಬರಬೇಕು. ಇದು ಕೂಗುವ ಮೊದಲೇ ಬರುತ್ತಿತ್ತು.

ಈ ಪ್ಲಗಿನ್ನುಗಳಲ್ಲಿ ಮುಂದೆ ಬರುವ ಸದ್ದನ್ನು ಮೊದಲೇ ಇಣುಕಿ ನೋಡುವ ಸೌಲಭ್ಯವೊಂದು ಇರುತ್ತದೆ. ಇಣುಕಿದ್ದು ಸಾಲದೆ ಮೊದಲೇ ಒದರಿಯೂ ಬಿಡುತ್ತಿದೆ, ಬಿಟ್ಟಿ ಮಾಲಿನ ಹಣೆಬರಹವೇ ಇಷ್ಟು ಎಂದು ತೀರ್ಮಾನಿಸಿ ಒಂದಾದ ಮೇಲೊಂದು ಆರು ಕಂಪ್ರೆಸರ್‌ಗಳನ್ನು ಕಿತ್ತೆಸೆದೆ. ಇಂಟರ್‌ನೆಟ್ಟಿನಲ್ಲಿ ಈ ವಿದ್ಯೆ ಬಲ್ಲವರ ಚರ್ಚಾಕೂಟದಲ್ಲಿ ದೂರು ಬರೆದೆ. ಯಾವ ದೇಶದವನೋ ಒಬ್ಬ, ನೀನು ರೆಕಾರ್ಡ್ ಮಾಡಿದ್ದನ್ನು ನೀನೇ ಒಮ್ಮೆ ಸರಿಯಾಗಿ ಕೇಳಿಸಿಕೊಂಡಿದ್ದೀಯಾ ಎಂದು ಉತ್ತರ ಬರೆದ. ಅವನಿಗೆ ನಾನು ಅಚ್ಚ ನಂಜನಗೂಡು ಕನ್ನಡದಲ್ಲಿ ಬೈದು ಲಾಗೌಟ್ ಆದೆ.

ಏಳನೆಯ ಕಂಪ್ರೆಸರ್ ನೋಡಲು ಕುರೂಪಿ. ಮೂರು ಗುಂಡಿ, ಬೂದು ಬಣ್ಣ, ಬೇರೆ ವಯ್ಯಾರವಿಲ್ಲ. ಒಂದು ಭಾನುವಾರ ಮಧ್ಯಾಹ್ನ, ಕರೆಂಟು ಹೋಗುವುದಕ್ಕೆ ಮೊದಲು ಮುಗಿಸಿಬಿಡೋಣ ಎಂದು ಅದನ್ನು ಹಾಕಿದೆ. ಭೂತ ಬಂತು, ಈ ಸಲ ಮಾತು ಬಿಡಿಬಿಡಿಯಾಗಿ ಕೇಳುವ ಹಾಗೆ. "ಅಸೆ ಮ್ಯಾಲೆ ಅಕ್ಕಿ ಚೆಲ್ಲಿ" ಎಂದಿತು. ಹಿಂದೆಯೇ ಚಿಕ್ಕಮ್ಮ "ಹಸೆ ಮೇಲೆ ಹಕ್ಕಿ ಚೆಲ್ಲಿ" ಎಂದಳು.

ಹೆಡ್‌ಫೋನು ತೆಗೆದು, ಒರೆಸಿ ಮತ್ತೆ ಹಾಕಿಕೊಂಡು ಅದೇ ಸಾಲನ್ನು ಇನ್ನೊಮ್ಮೆ ಕೇಳಿದೆ. ಎಕೋ ಹಾಡಿಗಿಂತ ಮೊದಲು ಬಂದರೂ ಬರಬಹುದು, ಹಾಡಿನ ತಪ್ಪನ್ನು ತಿದ್ದಿಕೊಂಡು ಬರುತ್ತದೆಯೇ? ಅದು ದೊಡ್ಡವ್ವ. ಚಿಕ್ಕಮ್ಮನಿಗೆ ಹಾಡೇ ಬರುತ್ತಿರಲಿಲ್ಲ. ಮೂವತ್ತು ವರ್ಷವೂ ದೊಡ್ಡವ್ವ ಸೆರಗಿನ ಮರೆಯಲ್ಲಿ ಸಾಲು ಹೇಳಿಕೊಟ್ಟಿದ್ದಳು, ಚಿಕ್ಕಮ್ಮ ಅದನ್ನು ಊರಿಗೆಲ್ಲ ಕೇಳುವಂತೆ ಕೂಗಿದ್ದಳು, ಆಮೇಲೆ ತನ್ನ ಸಾಲನ್ನು ತಾನೇ ಹಿಂದೆ ಹೇಳುತ್ತಾ ದೊಡ್ಡವ್ವ ಕೂತಿದ್ದಳು. ನನಗೆ ಚಿಕ್ಕಮ್ಮನ ಮೇಲೆ ಕೋಪ ಬಂತು. ಆರು ಅಮಾಯಕ ಕಂಪ್ರೆಸರ್‌ಗಳನ್ನು ಕಿತ್ತೆಸೆದ ನನ್ನ ಮೇಲೂ ಬಂತು.

ಮರುದಿನವೇ ರಜೆ ಹಾಕಿ, ಆ ಒಂದು ಹಾಡನ್ನು ಸೀಡಿಗೆ ಹಾಕಿಕೊಂಡು ಟಿ. ನರಸೀಪುರದ ಬಸ್ಸು ಹತ್ತಿದೆ. ಸೀಡಿ ಪ್ಲೇಯರಿನ ಹೆಡ್‌ಫೋನನ್ನು ದೊಡ್ಡವ್ವನ ಕಿವಿಗಿಟ್ಟೆ. ಮೊದಲ ಪಿಸುಮಾತು ಕೇಳುತ್ತಲೇ ಸಿಕ್ಕಿಬಿದ್ದ ಕಳ್ಳಿಯ ಹಾಗೆ ನಕ್ಕು, ಮುಂದಕ್ಕೆ ಕೇಳದೆ ಅದನ್ನು ಕಿತ್ತುಕೊಟ್ಟಳು.

"ಈ ಪಿಸಪಿಸ ತಗ್ದಾಕು ಮಗ."

ತೆಗೆಯಲು ಬರುವುದಿಲ್ಲ ಎಂದು ವಿವರಿಸಿದೆ. ಪಿಸುಮಾತೂ ಅವಳದೇ, ಹಿಂದೆ ಹೇಳುವ ದನಿಯೂ ಅವಳದೇ, ಎರಡೂ ಒಂದೇ ಉಸಿರಿನಲ್ಲಿ ಅಂಟಿಕೊಂಡಿವೆ, ಮಧ್ಯೆ ಕತ್ತರಿ ಹಾಕಲು ಬಿಡುವಿಲ್ಲ. ಒಂದನ್ನು ಎತ್ತಿದರೆ ಇನ್ನೊಂದೂ ಏಳುತ್ತದೆ. ಪಿಸುಮಾತನ್ನು ಮುಚ್ಚಬೇಕೆಂದರೆ ದನಿಯೂ ಮೊದಲಿನಂತೆ ಮುಳುಗುತ್ತದೆ.

ದೊಡ್ಡವ್ವ ಅವರೆಕಾಯಿಯ ಮೊರವನ್ನು ಮುಂದಕ್ಕೆಳೆದುಕೊಂಡಳು.

"ಮುಳುಗ್ಲಿ ಬುಡು," ಅಂದಳು. "ಅವ್ಳು ಮೇಷ್ಟ್ರೆಂಡ್ತಿ. ನಾಕ್ ಜನದ ಮುಂದೆ ಅವ್ಳ ಮಾನ ಕಳೀಬ್ಯಾಡ."

ಊರಿಗೆ ಬಂದು ಎರಡು ಸೀಡಿ ಮಾಡಿದೆ: ಒಂದು ದೊಡ್ಡವ್ವ ಹೇಳಿದ ಹಾಗೆ ಮುಳುಗಿದ್ದು, ಇನ್ನೊಂದು ಏಳನೆಯ ಕಂಪ್ರೆಸರ್ ಎತ್ತಿದ್ದು. ಎರಡನೆಯದನ್ನು ಯಾಕೆ ಮಾಡಿದೆನೋ ಗೊತ್ತಿಲ್ಲ, ಅಂಗಿಯ ಜೇಬಿನಲ್ಲಿಟ್ಟುಕೊಂಡೆ.

ಮದುವೆಯ ದಿನ ನರಸೀಪುರದ ಛತ್ರದ ಹಾರನ್ನುಗಳಲ್ಲಿ ಮೊದಲನೆಯದನ್ನು ಹಾಕಿಸಿದೆ. ಚಿಕ್ಕಮ್ಮನ ಒಂದು ಸಾಲು, ಆಮೇಲೆ ಏನೂ ಇಲ್ಲ, ಮತ್ತೆ ಚಿಕ್ಕಮ್ಮನ ಒಂದು ಸಾಲು. "ಸಾ, ಸೀಡಿ ಗೀಚೋಗದೆ," ಎಂದ ಮೈಕ್ ಸೆಟ್‌ನವನು. ದೊಡ್ಡವ್ವ ಹಸೆಯ ಪಕ್ಕದಲ್ಲಿ ಆರತಿ ತಟ್ಟೆ ಹಿಡಿದು ತಲೆ ಬಗ್ಗಿಸಿದ್ದಳು.

ಚಿಕ್ಕಮ್ಮ ಅಡಿಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದಳು.

"ಅಕ್ಕನ್ ದನಿ ಎಲ್ಲೋಯ್ತ್ಲಾ?"

ನಾನು ತಡವರಿಸಿ, ಅವಳ ದನಿ ಎತ್ತಿದರೆ ಅವಳು ನಿಮಗೆ ಹೇಳಿಕೊಡೋದೂ ಕೇಳುತ್ತೆ ಚಿಕ್ಕಮ್ಮ, ಅದಕ್ಕೇ ಎಂದೆ.

"ಕೇಳ್ಲಿ! ಅವ್ಳು ಯೋಳ್ಕೊಡ್ತಾಳೆ ಅಂತ ಯಾವ ಎಂಗಸ್ಗೆ ಗೊತ್ತಿಲ್ಲ? ಅವ್ಳ್ಗೆ ಪದ ಬತ್ತದೆ, ನನ್ಗೆ ಗಂಟ್ಲದೆ. ಅದ್ಕೇ ತಾನೇ ಇಬ್ರೂ ಓಗದು? ನಿನ್ಗೊಬ್ನಿಗೇ ಕಣಪ್ಪ ಗೊತ್ತಿಲ್ದಿದ್ದದ್ದು!"

ಸುತ್ತ ಕೂತಿದ್ದ ಹೆಂಗಸರೆಲ್ಲ ನನ್ನನ್ನು ಪಾಪ ಎನ್ನುವಂತೆ ನೋಡಿದರು. ಜೇಬಿನಿಂದ ಎರಡನೆಯ ಸೀಡಿ ತೆಗೆದುಕೊಟ್ಟೆ. ಹಾಡು ಶುರುವಾಯಿತು.

"ಸಾ, ಎಕೋ ಮೊದ್ಲೇ ಬತ್ತಾ ಅದೆ!" ಎಂದು ಮೈಕ್ ಸೆಟ್‌ನವನು ಗಾಬರಿಯಿಂದ ಗುಂಡಿಗಳ ಮೇಲೆ ಬಿದ್ದ. ಅವನ ಕೈಯನ್ನು ನಾನೇ ಹಿಡಿದುಕೊಂಡೆ.

ದೊಡ್ಡವ್ವ ತಲೆಯೆತ್ತಿ ಹಾರನ್ನಿನ ಕಡೆ ನೋಡಿದಳು. "ಇದ್ಯಾರವ್ವ ಇದು, ಚೆಂದಾಗ್ ಯೋಳ್ತಾಳೆ," ಅಂದಳು. "ನೀನೇ ಕಣಕ್ಕ," ಅಂದಳು ಚಿಕ್ಕಮ್ಮ. ದೊಡ್ಡವ್ವ ನಂಬಲಿಲ್ಲ, ಕಿವಿಗೊಟ್ಟು ನಿಂತಳು. ಅಷ್ಟರಲ್ಲಿ ಆ ಸಾಲು ಬಂತು. ಹಾರನ್ನಿನಲ್ಲಿ ಚಿಕ್ಕಮ್ಮ ಇಡೀ ನರಸೀಪುರಕ್ಕೆ ಕೇಳುವಂತೆ ಹಸೆಯ ಮೇಲೆ ಹಕ್ಕಿ ಚೆಲ್ಲಿದಳು.

ದೊಡ್ಡವ್ವ ತಟ್ಟೆ ಕೆಳಗಿಟ್ಟು, ಬಾಯಿಯ ಮೇಲಿದ್ದ ಸೆರಗು ಕಿತ್ತು, "ಅಕ್ಕಿ ಕಣೇ, ಅಕ್ಕಿ!" ಎಂದು ಕೂಗಿದಳು. ವಾಲಗದವರು ತಿರುಗಿ ನೋಡಿದರು, ಹೊರಗೆ ಚಪ್ಪಲಿ ಕಾಯುತ್ತಿದ್ದವನು ಒಳಗೆ ಇಣುಕಿದ. ಅವಳ ಮುಂದೆ ಮೈಕು ಇರಲಿಲ್ಲ.