ಗೋಡೆಯಿಲ್ಲದ ಹೊಸ್ತಿಲು

ಸ್ನೇಹಿತರೇ, ಇವತ್ತು ಒಂದು ಬಾಗಿಲ ಚೌಕಟ್ಟು ನನ್ನನ್ನು ಸೋಲಿಸಿತು.

ಶಿರಾದಲ್ಲಿ ನಾನು ಹೆಣ್ಣುಮಕ್ಕಳಿಗೆ ಮರಗೆಲಸ ಕಲಿಸುತ್ತೇನೆ. ಶೆಡ್ಡಿನಲ್ಲಿ ಚಪ್ಪಲಿ ಬಿಡಬೇಡಿ, ಮೊಳೆ ಚುಚ್ಚುತ್ತೆ ಎಂದು ದಿನವೂ ಗದರುವವನು. ಈ ವಾರ ಚೌಕಟ್ಟಿನ ಪಾಠ. ಜೋಡಿಸಿ ತೋರಿಸಿದ ಮೇಲೆ ಬಿಚ್ಚಿಡಬೇಕು, ಮುಂದಿನ ತಂಡದವರು ಕಲಿಯುವುದೂ ಅದೇ ಮರದಲ್ಲಿ.

ಬೆಳಿಗ್ಗೆ ಹೋದರೆ ಶೆಡ್ಡಿನ ನಡುವೆ ಚೌಕಟ್ಟು ನೆಟ್ಟಗೆ ನಿಂತಿದೆ. ಹೊಸ್ತಿಲಿಗೆ ಅರಿಶಿನ ಕುಂಕುಮ, ಮೇಲೆ ಮಾವಿನ ಸೊಪ್ಪು.

"ಚೆನ್ನಾಗೈತೆ, ಇನ್ನು ಬಿಚ್ಚಿ" ಅಂದೆ. ಯಾರೂ ಸುತ್ತಿಗೆ ಮುಟ್ಟಲಿಲ್ಲ.

ತಾವರೆಕೆರೆಯಿಂದ ಬರುವ ರತ್ನಮ್ಮ ಕೇಳಿದರು, "ಪೂಜೆ ಮಾಡಿ ನಿಲ್ಸಿರೋ ಬಾಗ್ಲ ಹೆಂಗೆ ಮೇಷ್ಟ್ರೇ ಕೀಳೋದು?"

"ಇದು ಮನೆ ಅಲ್ಲ ಕಣಮ್ಮ, ಪಾಠ. ಗೋಡೆನೇ ಇಲ್ವಲ್ಲ."

"ಗೋಡೆ ಆಮೇಲೆ ಕಟ್ಕೊಂತಾರೆ. ಬಾಗ್ಲು ತಾನೆ ಮೊದ್ಲು ನಿಲ್ಸೋದು?"

ಮಾತು ನಿಜ, ನಮ್ಮ ಕಡೆ ಮನೆ ಕಟ್ಟುವುದೇ ಹಾಗೆ. ಪಕ್ಕದಲ್ಲಿದ್ದ ನಸ್ರೀನಳಿಗೆ ಪೂಜೆಯ ತೊಡಕಿಲ್ಲವಲ್ಲ ಎಂದು, "ನೀನಾದ್ರೂ ಬಿಚ್ಚಮ್ಮ" ಅಂದೆ.

ಅವಳು ಸುತ್ತಿಗೆಯನ್ನು ಪೆಟ್ಟಿಗೆಯೊಳಗಿಟ್ಟು, "ನಾನೂ ಬಿಸ್ಮಿಲ್ಲಾ ಅಂದೇ ಬೆಣೆ ಹೊಡ್ದಿದೀನಿ ಸರ್. ನಾನು ಮಾಡಿರೋ ಮೊದಲ್ನೇ ಬಾಗ್ಲು ಅದು" ಅಂದಳು.

ಚೌಕಟ್ಟು ಹಾಗೇ ನಿಂತಿದೆ. ಮುಂದಿನ ತಂಡಕ್ಕೆ ಬೇರೆ ಮರ ಹುಡುಕಬೇಕು. ಸುತ್ತ ಬೇಕಾದಷ್ಟು ಜಾಗವಿದ್ದರೂ ಇಡೀ ದಿನ ಎಲ್ಲರೂ ಚಪ್ಪಲಿ ಬಿಟ್ಟು ಅದರೊಳಗಿಂದಲೇ ಓಡಾಡಿದರು. ನಾನೂ ಗದರಿ ಗದರಿ ಸಾಕಾಗಿ ಸುಮ್ಮನಾದೆ.

ಸಂಜೆ ಅವರೆಲ್ಲ ಹೋದ ಮೇಲೆ ಒಬ್ಬನೇ ಶೆಡ್ಡಿನ ಆ ತುದಿಗೆ ಹೋಗಿ ದೀಪ ಆರಿಸಲು ಸ್ವಿಚ್ಚಿಗೆ ಕೈ ಚಾಚಿದೆ. ಒಮ್ಮೆ ತಿರುಗಿ ನೋಡಿದರೆ, ನನ್ನ ಚಪ್ಪಲಿಗಳು ಹೊಸ್ತಿಲಾಚೆ ಜೋಡಿಯಾಗಿ ಕೂತಿದ್ದವು.